ನಲವತ್ನಾಲ್ಕು ಡಿಗ್ರಿ

ಮಾರ್ಚ್ 4, ಸಂಜೆ

ಕನ್ನಡಕದಂಗಡಿಯಲ್ಲಿ ಇಡೀ ದಿನ ನಿಂತೇ ಕೆಲಸ. ಹದಿಮೂರು ಜೊತೆ ನೋಡಿದೆ. ಒಂದರ ಆಕ್ಸಿಸ್, ಅಂದರೆ ಗಾಜು ಕೂರುವ ಕೋನ, ಐದು ಡಿಗ್ರಿ ತಪ್ಪಿತ್ತು, ಲ್ಯಾಬಿಗೆ ವಾಪಸ್.

ಮನೆಯ ಹಿಂದಿನ ಅಂಗಳದಲ್ಲಿ ಇವರ ಹೊಸ ಮೈಟರ್ ಸಾ, ಕೋನಕ್ಕೆ ಮರ ಕೊಯ್ಯುವ ಕರೆಂಟ್ ಗರಗಸ. ಬಂದು ಒಂಬತ್ತು ದಿನ. ಇದುವರೆಗೆ ಒಂದು ಕಡ್ಡಿ ಕೊಯ್ದಿಲ್ಲ. ಊಟದ ಹೊತ್ತಿಗೆ ಪಾಠ ಮಾತ್ರ ತಪ್ಪದು. ಇವತ್ತು ನಾನು ಓದುತ್ತಿದ್ದ ಕಾದಂಬರಿಯನ್ನೇ ಕಿತ್ತುಕೊಂಡು ಮೇಜಿನ ಮೇಲೆ ಮಲಗಿಸಿದರು. ಅಂಗೈಯೇ ಬ್ಲೇಡು. ಅದನ್ನು ಎಡಕ್ಕೆ ತಿರುಗಿಸಿ — "ಇದು ಮೈಟರ್. ಟೇಬಲ್ ತಿರುಗುತ್ತೆ, ಅದರ ಜೊತೆ ಬ್ಲೇಡೂ." ಪಕ್ಕಕ್ಕೆ ವಾಲಿಸಿ — "ಇದು ಬೆವೆಲ್. ಬ್ಲೇಡ್ ವಾಲುತ್ತೆ. ಎರಡೂ ಒಟ್ಟಿಗೆ ಆದ್ರೆ ಕಾಂಪೌಂಡ್. ತಿಳೀತೇನೇ?"

"ಪುಸ್ತಕ ಕೊಡ್ರಿ" ಅಂದೆ.

ಎಲ್ಲಿಯವರೆಗೆ ಓದಿದ್ದೆ ಎಂಬುದು ತಪ್ಪಿಹೋಗಿತ್ತು.

ಅತ್ತೆ ತಟ್ಟೆಯಿಂದ ತಲೆ ಎತ್ತದೆ, "ಅಷ್ಟೆಲ್ಲ ಗೊತ್ತಿದ್ರೆ ಒಂದು ಸ್ಟೂಲ್ ಮಾಡಪ್ಪ, ನೋಡೋಣ" ಅಂದರು. ಅತ್ತೆಯ ಮಾತು ನನಗೆ ಹಿಡಿಸುವುದು ವರ್ಷಕ್ಕೊಮ್ಮೆ. ಈ ವರ್ಷದ್ದು ಮುಗಿಯಿತು.

ಮಾರ್ಚ್ 7

ನಾದಿನಿಯ ಫೋನು. ಕೆಲಸ ಈ ಊರಿಗೇ ವರ್ಗವಾಗಿದೆ. 22, ಭಾನುವಾರ ಬರುತ್ತಾಳೆ. ಸಣ್ಣ ಕೋಣೆ ಅವಳಿಗೆ.

ಅಲ್ಲಿರುವುದು ನನ್ನ ಐದು ರಟ್ಟಿನ ಪೆಟ್ಟಿಗೆ. ಎಲ್ಲ ಅನುವಾದದ ಕಾದಂಬರಿಗಳು. ಇಪ್ಪತ್ತೆರಡು ವರ್ಷದ್ದು. ಪಡಸಾಲೆಯ ಗೋಡೆಗೆ ಒಂದು ಕಪಾಟು ಬಂದರೆ ಉಳಿಯುತ್ತವೆ. ಇಲ್ಲದಿದ್ದರೆ ಭಾನುವಾರ ಬೆಳಿಗ್ಗೆ ಗುಜರಿಯವನ ಗಾಡಿಗೆ. ಅತ್ತೆಯ ತೀರ್ಪು — "ಒಂದ್ಸಲ ಓದಿ ಆಯ್ತಲ್ಲಮ್ಮ. ಇನ್ನೇನು ಅದರ ಮುಖ ನೋಡೋದು?"

ಇವರು ಎದೆ ತಟ್ಟಿಕೊಂಡರು. ನಾಲ್ಕಡಿ ಎತ್ತರ, ಪೆಟ್ಟಿಗೆಗೊಂದರಂತೆ ಐದು ಖಾನೆ, ನಾಲ್ಕು ಮೂಲೆಯೂ ನಲವತ್ತೈದು ಡಿಗ್ರಿಗೆ ಕೊಯ್ದು ಕೂರಿಸಿದ್ದು. "ಗೆರೆ ಕೂಡ ಕಾಣಲ್ಲ. ನೋಡ್ತಿರು."

ನೋಡುತ್ತಿದ್ದೇನೆ. ಮದುವೆಯಾದಾಗಿನಿಂದ ಅದೇ ಕೆಲಸ.

ಮಾರ್ಚ್ 12, ಬೆಳಿಗ್ಗೆ 6

ಗರಗಸದ ಕೈಪಿಡಿ ಓದಿ ಮುಗಿಸಿದೆ. ಇವರು ಚಿತ್ರ ಮಾತ್ರ ನೋಡಿದ್ದಾರೆ.

ಇಷ್ಟು ಕೆಟ್ಟ ಅನುವಾದ ಓದಿ ಬಹಳ ದಿನವಾಗಿತ್ತು. 'ಕಾವಲುಗಾರನಿಲ್ಲದೆ ಅಲಗನ್ನು ಓಡಿಸಬೇಡಿ.' ಯಾವ ಕಾವಲುಗಾರ? ಚಿತ್ರ ನೋಡಿದ ಮೇಲೆ ತಿಳಿಯಿತು — ಬ್ಲೇಡ್ ಮುಚ್ಚುವ ಗಾರ್ಡ್. ಅನುವಾದಕ ಮರ ಕೊಯ್ದವನಲ್ಲ, ಭಾಷೆ ಬಲ್ಲವನೂ ಅಲ್ಲ. ಆದರೂ ಹಟ ಹಿಡಿದು ಓದಿದರೆ ಅರ್ಥವಾಗುತ್ತದೆ. ಫೆನ್ಸ್ — ಹಲಗೆ ಒರಗಿ ನಿಲ್ಲುವ ಹಿಂದಿನ ಪಟ್ಟಿ. ಕರ್ಫ್ — ಕೊಯ್ಯುವಾಗ ಬ್ಲೇಡ್ ತಿಂದುಹಾಕುವ ಮರ, ಇದರಲ್ಲಿ ಎರಡೂವರೆ ಮಿಲಿಮೀಟರ್. ಪುಟ 31: ಸ್ಕೇಲಿನ ಮುಳ್ಳು ಸಾಗಾಣಿಕೆಯಲ್ಲಿ ಜರುಗಿರಬಹುದು, ಮೊದಲ ಕೊಯ್ತಕ್ಕೆ ಮುನ್ನ ಪರೀಕ್ಷಿಸಿ.

ಇಡೀ ಕೈಪಿಡಿಯಲ್ಲಿ ಆ ಒಂದು ವಾಕ್ಯ ನೆಟ್ಟಗಿದೆ.

ಮಾರ್ಚ್ 14

ಇವರು ಹಲಗೆ ತರಲು ಹೋಗಿದ್ದರು. ಪ್ಲಗ್ ಕಿತ್ತು, ಅಂಗಡಿಯಿಂದ ತಂದ ಕೋನಮಾಪಕ ಇಟ್ಟು ನೋಡಿದೆ. ಬೆವೆಲ್ ಸ್ಕೇಲಿನ ಮುಳ್ಳು ನಲವತ್ತೈದು ತೋರಿಸುತ್ತಿದೆ. ಬ್ಲೇಡ್ ವಾಲಿರುವುದು ನಲವತ್ನಾಲ್ಕು. ಮೂರು ಸಲ ನೋಡಿದೆ. ನಲವತ್ನಾಲ್ಕೇ.

ಬಂದ ಕೂಡಲೇ ಹೇಳಹೊರಟೆ. "ರೀ, ಆ ಮುಳ್ಳು —"

"ಮುಟ್ಟಿದ್ಯಾ ಅದನ್ನ? ನಿನಗ್ಯಾಕೆ ಮೆಷಿನ್ ಉಸಾಬರಿ? ಕಥೆ ಪುಸ್ತಕ ಓದ್ಕೋ ಹೋಗು."

ಹೋಗಿ ಓದಿಕೊಂಡೆ.

ಮಾರ್ಚ್ 20, ಸಂಜೆ 7

ಕೊನೆಗೂ ಕೊಯ್ದರು. ರಜೆ ಹಾಕಿ, ಕಿವಿಗೆ ಹತ್ತಿ ತುರುಕಿಕೊಂಡು.

ನಾಲ್ಕು ಹಲಗೆ, ಎಂಟು ತುದಿ. ಒಂದೊಂದಕ್ಕೆ ಒಂದು ಡಿಗ್ರಿ ಕಮ್ಮಿ. ಮೂರು ಮೂಲೆ ಕೂತವು. ನಾಲ್ಕನೆಯದು ಬಾಯಿ ಬಿಟ್ಟಿತು, ಬೆರಳು ತೂರುವಷ್ಟು. ಬಿಡಲೇಬೇಕು. ಎಂಟು ಡಿಗ್ರಿ ಇನ್ನೆಲ್ಲಿಗೆ ಹೋಗಬೇಕು?

ಇವರಿಗೆ ಉದ್ದವೇ ತಪ್ಪಿದೆ ಎಂಬ ಜ್ಞಾನೋದಯವಾಯಿತು. ಎಡದ ಹಲಗೆಯಿಂದ ಒಂದಿಂಚು ತೆಗೆದರು. ಸರಿದೂಗಿಸಲು ಬಲದಿಂದ ಒಂದಿಂಚು. ಮತ್ತೆ ಎಡ. ಬೆಕ್ಕುಗಳಿಗೆ ಬೆಣ್ಣೆ ಹಂಚಿದ ಕೋತಿ. ಮೂಲೆ ಮಾತ್ರ ಹಾಗೇ ಬಾಯಿ ತೆರೆದಿದೆ. ಮರ ಹಸಿ ಅಂದರು. ಕರೆಂಟು ಏರಿಳಿತ ಅಂದರು. ಅಮ್ಮ ಕೆಮ್ಮಿದ್ದಕ್ಕೆ ಕೈ ಅಲುಗಿತು ಅಂದರು.

"ನನ್ನ ಕೆಮ್ಮಿಗೂ ಡಿಗ್ರಿ ಇದೆಯೇನೋ?" ಅಂದರು ಅತ್ತೆ.

ನಾನು ಅಡುಗೆಮನೆಯ ಹೊಸ್ತಿಲಲ್ಲಿ, ಪುಸ್ತಕದ ನಡುವೆ ಬೆರಳಿಟ್ಟುಕೊಂಡು ಕೂತಿದ್ದೆ. ಎರಡು ಗಂಟೆಯಲ್ಲಿ ಒಂದು ಪುಟ ತಿರುವಲಿಲ್ಲ. ಕಾದಂಬರಿಗಿಂತ ಇದೇ ರುಚಿಯಾಗಿತ್ತು. ಹದಿನೆಂಟನೆಯ ಸಲ ಬ್ಲೇಡ್ ಇಳಿದಾಗ ತಲೆಗೆ ಹೊಳೆಯಿತು: ನಾಲ್ಕಡಿಯ ಹಲಗೆ ಈಗ ಮೂರಡಿ ಮೂರಿಂಚು. ಒಂದು ಖಾನೆ ಇಲ್ಲ. ಇವರು ಕೊಯ್ಯುತ್ತಿದ್ದದ್ದು ನನ್ನ ಐದನೆಯ ಪೆಟ್ಟಿಗೆಯನ್ನು.

ಆಗಲೂ ಬಾಯಿ ಬಿಡಲಿಲ್ಲ. ಇಷ್ಟಾದ ಮೇಲೆ ಬಾಯಿ ಬಿಟ್ಟರೆ ಮೊದಲೇ ಯಾಕೆ ಹೇಳಲಿಲ್ಲ ಅನ್ನುತ್ತಾರೆ.

ಮಾರ್ಚ್ 21, ಮಧ್ಯಾಹ್ನ

ಬೆಳಿಗ್ಗೆ ಇವರು ಬಡಗಿಯ ಕೈಕಾಲು ಹಿಡಿಯಲು ಹೋದರು. ಹೋದದ್ದೇ ತಡ, ಕೈಪಿಡಿ ಹೇಳಿದಂತೆ ಬ್ಲೇಡನ್ನು ನಿಜವಾದ ನಲವತ್ತೈದಕ್ಕೆ ತಂದೆ. ಸ್ಕ್ರೂ ಸಡಿಲಿಸಿ ಮುಳ್ಳನ್ನೂ ಅಲ್ಲಿಗೇ ಕೂರಿಸಿದೆ. ಹಲಗೆಯನ್ನು ಫೆನ್ಸಿಗೆ ಒತ್ತಿ, ಎಂಟು ತುದಿಯನ್ನೂ ತೆಳ್ಳಗೆ ಸವರಿದೆ. ಮೊದಲನೆಯದಕ್ಕೆ ಕೋನಮಾಪಕವನ್ನು ಮೂರು ಸಲ ಇಟ್ಟು ನೋಡಿದೆ. ಎಂಟನೆಯದಕ್ಕೆ ಇಲ್ಲ.

ನಾಲ್ಕು ಮೂಲೆಯೂ ಮುಚ್ಚಿದವು.

ಇವರು ಬಡಗಿಯಿಂದ 'ಮುಂದಿನ ವಾರ' ಎಂಬ ಮಾತು ತಂದರು. ಅಂಗಳದಲ್ಲಿ ಚೌಕಟ್ಟು ಕಂಡು ನಿಂತರು. ಒಂದೊಂದು ಮೂಲೆಯ ಮೇಲೂ ಹೆಬ್ಬೆರಳಾಡಿಸಿದರು. "ಹೇಗೇ?"

"ಏನೋ ಕೂತ್ಕೊಂಡ್ತು."

"ಏನೋ ಅಲ್ಲ ಕಣೇ, ನಿನ್ನ ಕೈಗುಣ. ಅಮ್ಮ ಹೇಳೋದು ಸುಳ್ಳಲ್ಲ. ನನ್ನ ಕೈಗೆ ಏನೂ ಹತ್ತಲ್ಲ."

"ಹುಟ್ಟಿದಾಗಿಂದ ಹಾಗೇ" ಅಂದರು ಅತ್ತೆ ಒಳಗಿಂದ. "ಪೆನ್ಸಿಲ್ ಕೊಟ್ರೆ ಬೆರಳು ಕೆತ್ಕೊಂಡು ಬರ್ತಿದ್ದ."

ಇವರು ನಕ್ಕರು. ನಗುತ್ತಾ ಎರಡು ಕೈಯನ್ನೂ ಜೇಬಿಗೆ ಹಾಕಿಕೊಂಡರು.

ಆಗ ಹೇಳಬಹುದಿತ್ತು. ಮೊಳೆ ಕೇಳಿದೆ.

ಮಾರ್ಚ್ 22, ಬೆಳಿಗ್ಗೆ 9.40

ನಾಲ್ಕು ಖಾನೆ ತುಂಬಿತು. ನಿನ್ನೆ ಸಂಜೆಯೇ ಐದನೆಯ ಪೆಟ್ಟಿಗೆಗೆ ಹಗ್ಗ ಕಟ್ಟಿ ಗೇಟಿನ ಬಳಿ ಇಟ್ಟಿದ್ದೆ. ಮೂವತ್ತೆಂಟು ಪುಸ್ತಕ.

ಬೆಳಿಗ್ಗೆ ನೋಡಿದರೆ ಅದು ನಮ್ಮ ಮಂಚದ ಕೆಳಗಿದೆ. ಗೇಟಿನ ಬಳಿ ಇರುವುದು ಇವರ ಪೆಟ್ಟಿಗೆ — ಮಂಚದ ಕೆಳಗೆ ಇದ್ದದ್ದು, ಹಾಡದ ಮೂರು ರೇಡಿಯೊ, ಮದುವೆಗೆ ಮೊದಲಿನವು. ವರ್ಷಕ್ಕೊಮ್ಮೆ ಬಿಚ್ಚಿ, ಒರೆಸಿ, ಮತ್ತೆ ಮುಚ್ಚುತ್ತಿದ್ದರು. ರಿಪೇರಿ ಮಾಡಿದ್ದು ಒಂದು ದಿನ ಕಾಣೆ. ಅದಕ್ಕೂ ನನ್ನ ಹತ್ತಿರ ಕೊಂಕು ಮಾತು ಸಿದ್ಧವಿರುತ್ತಿತ್ತು.

"ಕೊಯ್ದು ಹಾಳು ಮಾಡಿದ್ದು ನಾನು. ನಿನ್ನದ್ಯಾಕೆ ಹೋಗ್ಬೇಕು?" ಅಂದರು. "ಗರಗಸಾನೂ ಯಾರಿಗಾದ್ರೂ ಕೊಟ್ಬಿಡ್ತೀನಿ. ಇನ್ಮೇಲೆ ಯಾವುದಕ್ಕೂ ಕೈ ಹಾಕಲ್ಲ."

ಇಪ್ಪತ್ತೆರಡು ವರ್ಷ ಇದೇ ಮಾತಿಗೆ ಕಾದಿದ್ದೆ. ಕೇಳಿದರೆ ಬಾಯೆಲ್ಲ ಕಹಿ.

ಗುಜರಿಯವನು ಬೀದಿಯ ಆ ತುದಿಯಲ್ಲಿ ಕೂಗುತ್ತಿದ್ದಾನೆ. ಹೇಳಬೇಕಾದದ್ದು ಇಷ್ಟೇ: ಮುಳ್ಳು ತಪ್ಪಿತ್ತು, ನಿಮ್ಮ ಕೈಯಲ್ಲ, ನನಗೆ ಮೊದಲೇ ಗೊತ್ತಿತ್ತು. ಮೊದಲ ಎರಡು ಸುಲಭ. ಮೂರನೆಯದನ್ನು ಕೇಳಿದ ಮೇಲೆ ಇವರು ನನ್ನನ್ನು ನೋಡುವ ರೀತಿ… ಅದೇ ನೋಟದಿಂದ ನಾನು ಇವರನ್ನು ಇಷ್ಟು ವರ್ಷ ನೋಡಿದ್ದೇನೆ. ಹೇಗಿರುತ್ತದೆಂದು ಗೊತ್ತು.

ಕಿಟಕಿಯಿಂದ "ರೀ" ಎಂದು ಕರೆದೆ. ಎತ್ತಿದ ಪೆಟ್ಟಿಗೆಯನ್ನು ಕೆಳಗಿಟ್ಟರು. ಬರುತ್ತಿದ್ದಾರೆ, ಕೈ ಒರೆಸಿಕೊಳ್ಳುತ್ತಾ. ಎಲ್ಲಿಂದ ಶುರು —