ಭಾಗವ್ವನ ಮಗಳ ಫಾರ್ಮು

ಉದ್ಯಾವರ
9 ಫೆಬ್ರವರಿ 2009

ಪ್ರೀತಿಯ ನಾಗವೇಣಿ,

ಇವತ್ತು ಬೆಳಿಗ್ಗೆ ಕಾಪುವಿನ ಬಸ್ಸಿನಲ್ಲಿ ಒಂದು ಮಗು ಹಲ್ಲುಜ್ಜುವ ಬ್ರಶ್ಶು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗಿತ್ತು. ಕೆಮ್ಮಿನ ಪರೀಕ್ಷೆಗೆ ಒಸಡಿಗೆ ಉಜ್ಜುವ ನಮ್ಮ ಸ್ಪಂಜಿನ ಕಡ್ಡಿ ನೆನಪಾಯಿತು, ನೀನೂ ನೆನಪಾದೆ. ಹೆರಿಗೆಯ ಸುದ್ದಿ ಬಂದು ಮೂರು ವಾರವಾದರೂ ಬರೆಯಲಿಲ್ಲ, ಸಿಟ್ಟಾಗಬೇಡ. ಮಗು ರಾತ್ರಿ ಮಲಗುತ್ತದಾ? ಗದಗದಲ್ಲಿ ಚಳಿ ಉಂಟಾ?

ನೀನು ಬಾಣಂತನಕ್ಕೆ ಹೋದ ಮೇಲೆ ಕಾಪುವಿನಲ್ಲಿ ನಿಮ್ಮ ಕಡೆಯ ಕೂಲಿಯವರ ಶೆಡ್ಡುಗಳಿಗೆ ನಾನೊಬ್ಬಳೇ ಹೋಗುತ್ತಿದ್ದೇನೆ. ಮಣಿಪಾಲದಲ್ಲಿ ಪ್ಯಾಟ್ರಿಶಿಯಾ ಡಾಕ್ಟರು, "ಸೂಜಿ ಇಲ್ಲ, ರಕ್ತ ಇಲ್ಲ, ಒಂದು ನಿಮಿಷ ಒಸಡಿಗೆ ಉಜ್ಜಿದರೆ ಆಯ್ತು. ಲೆಕ್ಕಕ್ಕೆ ಸಿಗದ ನಾಯಿಕೆಮ್ಮು ಎಷ್ಟುಂಟು ಅಂತ ಗೊತ್ತಾಗಬೇಕಲ್ವಾ ಮಾರಾಯ್ತಿ?" ಎನ್ನುತ್ತಾರೆ. ಶೆಡ್ಡಿನ ಮಕ್ಕಳು ಮಾತ್ರ ನಿನ್ನನ್ನೇ ಕೇಳುತ್ತವೆ. "ಈ ಅಕ್ಕ ಸಾಲಿ ಪುಸ್ತಕದಂಗ ಮಾತಾಡ್ತಾಳ" ಎಂದು ಯಮನೂರ ನಕ್ಕ. ಕನ್ನಡ ಎಂ.ಎ. ಮಾಡಿದ್ದು ನಾನು, ಬಾಯಿ ತೆರೆಸುವುದು ನಿನ್ನ ಕನ್ನಡ! ನಮ್ಮ ಅಮ್ಮನೂ ಮೊನ್ನೆ, "ನಾಗವೇಣಿ ಬಂದರೆ ಮನೆಯಲ್ಲಿ ಮಾತಾದರೂ ಇರುತ್ತಿತ್ತು" ಎಂದಳು. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ನಾಗವೇಣಿ, ಇವತ್ತಿನದಲ್ಲ.

ಭಾಗವ್ವನ ಮಗಳು ತಿಂಗಳಿಂದ ಕೆಮ್ಮುತ್ತಿದ್ದಳು. ಮೊದಲ ಸಲ ಹೋದಾಗ ಆಗಲಿಲ್ಲ. ಒಂಬತ್ತು ದಿನ ಬಿಟ್ಟು ಮತ್ತೆ ಹೋದೆ. ನೀನು ಮೊದಲು ನಿನ್ನ ಒಸಡಿಗೇ ಒಂದು ಕಡ್ಡಿ ಉಜ್ಜಿ ತೋರಿಸುತ್ತಿದ್ದೆಯಲ್ಲ, ಹಾಗೇ ಮಾಡಿದೆ. ನಗುವಾಗಲೂ ಉಬ್ಬುಹಲ್ಲಿಗೆ ಕೈ ಅಡ್ಡ ಹಿಡಿಯುವ ನಾನು ಎಲ್ಲರೆದುರು ಬಾಯಿ ತೆರೆದೆ. ಹುಡುಗಿ ಕೆಮ್ಮುತ್ತಲೇ ನಕ್ಕಳು, ತಾನೂ ತೆರೆದಳು. ಮಣಿಪಾಲದಿಂದ ಉತ್ತರ ಬಂತು: ನಾಯಿಕೆಮ್ಮೇ.

ಅಷ್ಟರಲ್ಲಿ ಪಕ್ಕದ ಶೆಡ್ಡಿನ ಕರಿಬಸವನ ಎರಡು ತಿಂಗಳ ಕೂಸಿಗೆ ಕೆಮ್ಮಿ ಕೆಮ್ಮಿ ಉಸಿರು ಕಟ್ಟಿ, ಆಸ್ಪತ್ರೆಗೆ ಸೇರಿಸಿದರು. ಈಗ ಹಾಲು ಕುಡಿಯುತ್ತಿದೆ. "ಒಂದು ವಾರ ಮೊದಲೇ ಗೊತ್ತಾಗಿದ್ದರೆ ಅಕ್ಕಪಕ್ಕದವರಿಗೆ ಔಷಧಿ ಕೊಡಬಹುದಿತ್ತು. ತಾಯಿ ಒಪ್ಪದಿದ್ದರೆ ನೀನೆಂತ ಮಾಡ್ತಿ?" ಎಂದರು ಡಾಕ್ಟರು, ಭಾಗವ್ವನ ಮಗಳ ಮೊದಲ ಫಾರ್ಮು ನೋಡಿ. ಅವಳು ಒಪ್ಪದ್ದರಿಂದಲೇ ಹೀಗಾಯಿತೆಂದು ಶೆಡ್ಡಿನವರೆಲ್ಲ ಭಾಗವ್ವನನ್ನು ಬೈಯುತ್ತಿದ್ದಾರೆ.

ನಿನ್ನ ಕೂಸಿನ ನೆತ್ತಿಗೆ ನನ್ನದೊಂದು ಮುತ್ತು. ಯಾವ ಕೆಮ್ಮೂ ಅದರ ಹತ್ತಿರ ಸುಳಿಯದಿರಲಿ.

ನಿನ್ನ
ಆನ್ಸಿಲ್ಲಾ

ಮತ್ತೆ: ಮೊದಲ ಸಲ ಹೋದಾಗ ಭಾಗವ್ವ ಬೇಡ ಅಂದಿರಲಿಲ್ಲ. "ನಾಗವ್ವ ಹೆಂಗ ಮಾಡ್ತಿದ್ಲೋ ಹಂಗ ನೀನೂ ಮಾಡಿ ತೋರ್ಸವಾ, ನನ್ನ ಮಗಳು ಬಾಯಿ ತಗೀತಾಳ" ಅಂದಿದ್ದಳು. ನಿನ್ನ ಹೆಸರು ಕೇಳಿದ್ದೇ ಸಾಕಾಯಿತು, ಫಾರ್ಮಿನಲ್ಲಿ 'ಒಪ್ಪಲಿಲ್ಲ' ಎಂದು ಬರೆದು ಎದ್ದು ಬಂದೆ. ನಾಳೆ ಡಾಕ್ಟರ ಮುಂದೆಯೇ ಅದನ್ನು ಹೊಡೆದು ಹಾಕಿ, 'ನಾನು ಮಾಡಲಿಲ್ಲ' ಎಂದು ಬರೆಯುತ್ತೇನೆ. ಆಮೇಲೆ ಕಾಪುವಿಗೆ ಹೋಗಿ ಭಾಗವ್ವನ ನೆರೆಯವರ ಎದುರು ಅದನ್ನೇ ಹೇಳುತ್ತೇನೆ, ನನ್ನ ಪುಸ್ತಕದ ಕನ್ನಡದಲ್ಲೇ.