ಮೊದಲನೆಯ ಬ್ಲೇಡ್

ಮಾರ್ಚ್ 4, ಸೋಮವಾರ. ಸಂಜೆ

ಬೆಳಗಿನಿಂದ ಫ್ಯಾನ್ ಒರೆಸಿ ಪ್ಯಾಕ್ ಮಾಡಿದ್ದೇ ಕೆಲಸ. ಬ್ಲೇಡಿಗೆ ಅಂಟಿದ ಎಣ್ಣೆ ಪೂರ್ತಿ ಹೋಗಬೇಕು. ಚಕ್ರ ತಿರುಗುತ್ತಲೇ ಇರುತ್ತದೆ, ಎಲ್ಲಿ ಶುರು ಮಾಡಿದೆ ಅನ್ನುವುದೇ ಮರೆತುಹೋಗುತ್ತದೆ. ಅದಕ್ಕೇ ಮೊದಲನೆಯ ಬ್ಲೇಡಿಗೆ ಸೀಮೆಸುಣ್ಣದ ಚುಕ್ಕೆ ಇಡುತ್ತೇನೆ. ಚುಕ್ಕೆ ಮತ್ತೆ ಬಂದರೆ ಒಂದು ಸುತ್ತು ಮುಗಿಯಿತು.

ಊಟದ ಬಿಡುವಿನಲ್ಲಿ ಅತ್ತಿಗೆ ಗಾಜಿನ ರೂಮಿಗೆ ಕರೆದರು. ಅವರದು ಕಂಪ್ಯೂಟರ್ ಕೆಲಸ. ಫ್ಯಾನ್ ತಯಾರಾಗುವ ಮೊದಲೇ ಅದನ್ನು ಸ್ಕ್ರೀನಿನಲ್ಲಿ ಕಟ್ಟಿ, ಗಾಳಿ ಹೇಗೆ ಹರಿಯುತ್ತದೆ ಎಂದು ನೋಡುವುದು. ಸಿಮ್ಯುಲೇಶನ್ ಅನ್ನುತ್ತಾರೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಕೆಲವು ತಿಂಗಳಿಂದ ಹೇಳಿಕೊಡುತ್ತಿದ್ದಾರೆ.

ಇವತ್ತು ಸುತ್ತ ಕಾಪಿ ಮಾಡುವುದು. ಒಂದೇ ಒಂದು ಬ್ಲೇಡ್ ಬರೆದೆ. ಯಾವುದರ ಸುತ್ತ ತಿರುಗಬೇಕೋ ಆ ನಡುಗೆರೆ, ಆಕ್ಸಿಸ್, ತೋರಿಸಿದೆ. ಎಷ್ಟು ಬೇಕು ಎಂದು ಕೇಳಿತು, ಏನೋ ಒಂದು ಅಂಕಿ ಒತ್ತಿದೆ... ಹೂವಿನ ಹಾಗೆ ಬಿರಿಯಿತು. ಎಣಿಸುವ ಗೊಡವೆಗೂ ಹೋಗಲಿಲ್ಲ. ಅಳಿಸಿ ಮತ್ತೆ ಮಾಡಿದೆ. ಮತ್ತೆ ಬಿರಿಯಿತು. ಅನ್ನ ಆರಿಹೋಯಿತು.

ಮಾರ್ಚ್ 5

ನಿನ್ನೆ ಕಟ್ಟಿದ ಚಕ್ರವನ್ನು ಫ್ಯಾಕ್ಟರಿಯ ಯಜಮಾನರು ನೋಡಿಬಿಟ್ಟರು.

"ಯಾರು ಮಾಡಿದ್ದು ಇದು?"

ಅತ್ತಿಗೆಯೇ ಹೇಳಿದರು. "ನಮ್ಮ ನಾದಿನಿ ಸಾರ್. ಗುಬ್ಬಿ ಅಂತೀವಿ. ಬಾಯಿ ಬಿಟ್ರೆ ಮುತ್ತು ಉದುರಿಹೋಗುತ್ತೆ ಅಂತ ಜೋಪಾನ ಮಾಡ್ತಾಳೆ."

ಯಜಮಾನರು ನಗಲಿಲ್ಲ. "ಫ್ಯಾನಿಗೆ ಆರ್ಡರ್ ಕೊಟ್ಟಿರೋ ಲಾಂಡ್ರಿ ಮೇಡಂ ಹನ್ನೆರಡನೇ ತಾರೀಕು ಬರ್ತಾರೆ. ಅವರ ಫ್ಯಾನು ಒಂಬತ್ತು ಬ್ಲೇಡಿಂದು. ಇವಳೇ ಕಟ್ಲಿ, ಇವಳೇ ನಿಂತು ವಿವರಿಸ್ಲಿ. ಆಯ್ತು ಅಂದ್ರೆ ನಿನ್ನ ಪಕ್ಕದ ಕುರ್ಚಿ ಇವಳದು. ಆಗ್ಲಿಲ್ಲ ಅಂದ್ರೆ ಕಲಿತವರನ್ನ ಹೊರಗಿಂದ ತರ್ತೀನಿ. ನೀನು ಮಾತ್ರ ಕೈ ಹಾಕ್ಬೇಡಮ್ಮ."

ಪಕ್ಕದ ಕುರ್ಚಿ. ನನ್ನದು.

ಆದರೆ ವಿವರಿಸುವುದು... ನಿಂತು... ನಾನು?

ಮಾರ್ಚ್ 7

ಒಂಬತ್ತು ಒತ್ತಿದರೆ ಎಂಟು ಬಂತು. ಎರಡು ಸಲ ಎಣಿಸಿದೆ. ಎಂಟೇ. ಸರಿ, ಒಂದು ಕಡಿಮೆ ಕೊಡುವ ಜಿಪುಣ ಇದು ಎಂದುಕೊಂಡು ಹತ್ತು ಒತ್ತಿದೆ. ಒಂಬತ್ತು ಬಂತು. ಅಂತರವೂ ಸಮ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಗಾಳಿ ಹರಿಸಿ ನೋಡಲು ರನ್ ಒತ್ತಿದೆ. ಆಗಲಿಲ್ಲ. ಕೆಂಪಕ್ಷರ.

"ಏನಂತೆ ಅತ್ತಿಗೆ?"

"ಬ್ಲೇಡಿನ ಸುತ್ತ ಗಾಳಿಗೆ ಜಾಗ ಬಿಡಿಸಕ್ಕೆ ಆಗ್ತಿಲ್ವಂತೆ. ಇಷ್ಟೇ ಬರೆದಿರೋದು." ಕಡಲೆಕಾಯಿ ಸುಲಿಯುತ್ತ ನನ್ನ ಸ್ಕ್ರೀನಿಗೆ ಬೆನ್ನು ಹಾಕಿ ಕೂತರು. "ನೋಡಿದ್ರೆ ಕೈ ತುರಿಸುತ್ತೆ ಕಣೇ."

ಮತ್ತೆ ರನ್. ಮತ್ತೆ ಕೆಂಪು.

ಮಾರ್ಚ್ 11, ಸೋಮವಾರ

ನಡುವೆ ಬರೆಯಲಿಲ್ಲ. ಬರೆಯುವುದೇನಿತ್ತು? ಅಳಿಸಿದ್ದು, ಕಟ್ಟಿದ್ದು. ಪ್ಯಾಕಿಂಗಿನಲ್ಲೇ ಸುಖ ಅನ್ನಿಸಿತ್ತು.

ಈಗ ಬರೆಯುತ್ತೇನೆ. ಕೈ ನಿಲ್ಲುತ್ತಿಲ್ಲ.

ಇವತ್ತು ಬ್ಲೇಡುಗಳನ್ನು ಒಂದೊಂದಾಗಿ ನೋಡೋಣ ಅನ್ನಿಸಿತು. ಎಲ್ಲಿಂದ ಶುರು? ಸೀಮೆಸುಣ್ಣ ಇಲ್ಲವಲ್ಲ, ಮೊದಲನೆಯದನ್ನು ಒತ್ತಿ ಕೆಂಪು ಬಣ್ಣ ಕೊಟ್ಟೆ. ಚಕ್ರ ತಿರುಗಿಸಿದೆ. ಆ ಬ್ಲೇಡ್ ಮಿನುಗಿತು — ಕೆಂಪು, ಬೂದಿ, ಕೆಂಪು, ಬೂದಿ. ಮಿಕ್ಕವೆಲ್ಲ ಸುಮ್ಮನಿವೆ. ಕೆಂಪನ್ನು ಮರೆಮಾಡಿದೆ. ಅದೇ ಜಾಗದಲ್ಲಿ ಬೂದಿ ಬಣ್ಣದ ಇನ್ನೊಂದು ಬ್ಲೇಡ್.

"ಅತ್ತಿಗೆ, ಮೊದಲನೇದರ ಮೇಲೇ ಕೊನೇದು ಕೂತಿದೆ!"

"ಎಷ್ಟು ಜೋರಾಗಿ ಕಿರುಚಿದೆ ಗೊತ್ತೇನೇ? ಹೊರಗೆ ಪ್ಯಾಕಿಂಗಿನವರೆಲ್ಲ ತಿರುಗಿ ನೋಡ್ತಿದಾರೆ."

ನೋಡಲಿ. ತಪ್ಪು ನನ್ನದೇ. ಶುರು ಸೊನ್ನೆ ಡಿಗ್ರಿ, ಕೊನೆ ಮುನ್ನೂರ ಅರವತ್ತು ಎಂದು ಕೊಟ್ಟಿದ್ದೆ. ಬಟ್ಟೆ ಒಣಗಿಸುವ ಹಗ್ಗವಾದರೆ ಆ ತುದಿಗೊಂದು ಈ ತುದಿಗೊಂದು ಕ್ಲಿಪ್ ಹಾಕಬಹುದು. ಬಳೆಗೆ ತುದಿ ಎಲ್ಲಿ? ಪೂರ್ತಿ ಸುತ್ತಿದರೆ ಕೊನೆ ಅನ್ನುವುದು ಶುರುವಿನ ಜಾಗವೇ. ಚುಕ್ಕೆ ಮತ್ತೆ ಬಂತು ಎಂದರೆ ಅದನ್ನು ಇನ್ನೊಮ್ಮೆ ಒರೆಸುತ್ತೇನೆಯೇ?

ಒಂಬತ್ತು ಬ್ಲೇಡಿಗೆ ಒಂದು ಅಂತರ ನಲವತ್ತು ಡಿಗ್ರಿ. ಕೊನೆ ಮುನ್ನೂರ ಇಪ್ಪತ್ತಕ್ಕೇ ನಿಲ್ಲಿಸಿದೆ. ಒಂಬತ್ತು ಕೇಳಿದೆ, ಒಂಬತ್ತು ಕೊಟ್ಟಿತು. ರನ್.

ಗಾಳಿ ಬಂತು. ನೀಲಿ ಎಳೆ, ಹಸಿರು ಎಳೆ, ಬ್ಲೇಡುಗಳ ಸಂದಿಯಲ್ಲಿ ನುಸುಳಿ ಸುರುಳಿ ಸುತ್ತಿಕೊಂಡು... ಅತ್ತಿಗೆ ನನ್ನ ಬಾಯಿಗೆ ಕಡಲೆಕಾಯಿ ತುರುಕಿದರು. "ನಾಳೆನೂ ಇಷ್ಟೇ ಜೋರಾಗಿ ಮಾತಾಡು."

ಮಾರ್ಚ್ 12. ಸಂಜೆ

ಮೊದಲ ಮಾತೇ ಹೊರಡಲಿಲ್ಲ. ಯಜಮಾನರು ಗಡಿಯಾರ ನೋಡಿದರು. ಅತ್ತಿಗೆ ನೆಲ ನೋಡಿದರು. ಕೈ ಮಾತ್ರ ಮೌಸ್ ಹಿಡಿದು ಅಭ್ಯಾಸಬಲದಿಂದ ಮೊದಲನೆಯ ಬ್ಲೇಡಿಗೆ ಕೆಂಪು ಬಳಿಯಿತು. ಈ ಸಲ ಮಿನುಗಲಿಲ್ಲ.

"ಇಲ್ಲಿಂದ ಶುರು, ಮೇಡಂ" ಎಂದೆ.

ಆಮೇಲೆ ಬಾಯಿಗೆ ಲಗಾಮೇ ಇಲ್ಲ. ಹಗ್ಗ, ಬಳೆ, ಕ್ಲಿಪ್ಪು, ಗಾಳಿ — ಎಲ್ಲ ಹೇಳಿದೆ.

ಲಾಂಡ್ರಿ ಮೇಡಂ ಕನ್ನಡಕ ಏರಿಸಿದರು. "ಗಾಳಿ ಸರಿ ಕಣಮ್ಮ. ಸದ್ದು? ಈಗಿನ ಫ್ಯಾನಿಗೆ ನಮ್ಮ ಹುಡುಗೀರು ಕಿವಿಗೆ ಹತ್ತಿ ತುರುಕ್ಕೊಂಡು ಇಸ್ತ್ರಿ ಮಾಡ್ತಾರೆ."

"ಹನ್ನೊಂದು ಬ್ಲೇಡ್ ಹಾಕಿ, ನಿಧಾನ ತಿರುಗಿಸಿ ನೋಡೋಣ್ವಾ?"

ಕೇಳಿದ್ದು ಯಾರು ಎಂದು ತಿರುಗಿ ನೋಡಿದೆ. ನಾನೇ.

"ಇವಳು ಮಾತಾಡಲ್ಲ ಅಂದಿದ್ಯಲ್ಲಮ್ಮ?" ಎಂದರು ಯಜಮಾನರು.

"ಇನ್ನು ನಿಲ್ಸೋದು ನಿಮ್ಮ ಜವಾಬ್ದಾರಿ ಸಾರ್" ಎಂದರು ಅತ್ತಿಗೆ.

ಹೊರಡುವಾಗ ಯಜಮಾನರು ಪಕ್ಕದ ಕುರ್ಚಿಯ ಮೇಲಿದ್ದ ಫೈಲುಗಳನ್ನು ತಾವೇ ಎತ್ತಿ ಬೀರುವಿಗೆ ಹಾಕಿದರು.

ಮಾರ್ಚ್ 13. ಬೆಳಿಗ್ಗೆ, ಗಾಜಿನ ರೂಮು

ಕುರ್ಚಿಯ ಒಂದು ಗಾಲಿ ಸರಿಯಾಗಿ ತಿರುಗುವುದಿಲ್ಲ. ಇರಲಿ, ಎಣ್ಣೆ ಹಾಕಿದರಾಯಿತು.

ಹನ್ನೊಂದು ಬ್ಲೇಡ್. ಮೊದಲು ಒಂದು ಅಂತರ ಎಷ್ಟು ಎಂದು ತಿಳಿಯಬೇಕು. ಭಾಗಾಕಾರ ಕಂಪ್ಯೂಟರೇ ಮಾಡುತ್ತದೆ ಅನ್ನುತ್ತಾರೆ ಅತ್ತಿಗೆ. ಬೇಡ. ಇಲ್ಲೇ ಮಾಡುತ್ತೇನೆ.

ಮುನ್ನೂರ ಅರವತ್ತು, ಹನ್ನೊಂದರಿಂದ. ಮೂವತ್ತೆರಡು. ಉಳಿದದ್ದು ಎಂಟು. ಪಾಯಿಂಟ್, ಏಳು. ಉಳಿದದ್ದು ಮೂರು. ಎರಡು. ಉಳಿದದ್ದು ಎಂಟು — ಅರೆ, ಮತ್ತೆ ಎಂಟು. ಏಳು. ಎರಡು. ಮತ್ತೆ ಎಂಟು. ಚುಕ್ಕೆ ಇಟ್ಟ ಬ್ಲೇಡೇ ಬಂದುಬಿಟ್ಟಿತು. ಏಳು, ಎರಡು, ಏಳು, ಎರಡು, ಏಳು — ಅತ್ತಿಗೆಗೆ ತೋರಿಸಬೇಕು, ಇದೂ ಸುತ್ತುತ್ತಲೇ ಇದೆ.