ಳ ಕಲಿಸಿದವಳು

ಚಿತ್ರದುರ್ಗ,
ಫೆಬ್ರವರಿ ಮೂವತ್ತು, ೨೧೬೮

ಹಿಂದಿನವರಿಗೆ ನಮಸ್ಕಾರ.

ತಾರೀಖು ತಪ್ಪಲ್ಲ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು; ವಯಸ್ಸು ನಲವತ್ನಾಲ್ಕಾದರೂ ಒಂದು ಅಕ್ಷರ ನನಗೆ ಬರೆಯಲಷ್ಟೇ ಬರುತ್ತದೆ.

ಕಡಲು ಮಾಲ್ಡೀವ್ಸನ್ನು ನುಂಗಿದ ಮೇಲೆ ಅಲ್ಲಿಯವರು ನಮ್ಮೂರಿಗೆ ಬಂದರು. 'ಮುಳುಗೂರಿನವರು' ಎನ್ನುತ್ತಿದ್ದೆವು. ನಾಲ್ಕನೇ ಕ್ಲಾಸಿನಲ್ಲಿ ರಿಫ್ಗಾ ನನ್ನ ಬೆಂಚಿಗೆ ಬಂದಳು. ಅವಳು ಡಬ್ಬಿ ತೆರೆದರೆ ಮೀನಿನ ವಾಸನೆ ಎಂದು ಉಳಿದವರು ಸರಿದು ಕೂರುತ್ತಿದ್ದರು. ನಾನು ಅರ್ಧ ಸರಿಯುತ್ತಿದ್ದೆ. ಅದು ಚುನಾವಣೆಯ ವರ್ಷ. ಕೆರೆ ನೀರು ಮೊದಲು ಒಳಗಿನವರಿಗೆ ಎಂದು ಗೋಡೆಗಳ ಮೇಲೆಲ್ಲ ಬರೆದಿದ್ದರು. ಒಳಗಿನವರು ಯಾರೆಂದು ತಿಳಿಯಲು ಶಾಲೆಗಳಿಗೆ 'ನಾಲಿಗೆ ಪರೀಕ್ಷೆ' ಬಂತು. ಹುಡುಗಿಯರು 'ನಾನು ಒಳಗಿನವಳು' ಎಂದು ಹೇಳಿ ತೋರಿಸಬೇಕು. ತಪ್ಪಿದರೆ ಮನೆಯವರೆಲ್ಲ ತೆಪ್ಪದೂರಿಗೆ, ಅಂದರೆ ಕಡಲ ಮೇಲೆ ಕಟ್ಟಿದ ಶಿಬಿರಕ್ಕೆ ಹೋಗಬೇಕು.

ರಿಫ್ಗಾಳ ಮನೆಮಾತಿನಲ್ಲೇ ಳ ಇತ್ತು. ಇಲ್ಲದಿದ್ದದ್ದು ನನ್ನ ಬಾಯಲ್ಲಿ.

"ಒಲಗಿನವಲು ಅಲ್ಲ ಕಣೇ. ನಾಲಿಗೆನ ಹಿಂದಕ್ಕೆ ಮಡಚು, ಮಸಾಲೆ ದೋಸೆ ಥರ," ಎಂದು ನಗುತ್ತಿದ್ದಳು.

ಪರೀಕ್ಷೆಯ ದಿನವೂ ನಾನು ಒಲಗಿನವಲು ಎಂದೆ. ಪರೀಕ್ಷಕರು ನಕ್ಕರು. "ಇಂಗ್ಲಿಷ್ ಮೀಡಿಯಂ ಅಲ್ವಾ, ಬಿಡಿ ಮಿಸ್. ನಮ್ಮ ಮಗೂನೇ."

ರಿಫ್ಗಾ ಒಂದೂ ತಪ್ಪಿಲ್ಲದೆ ಹೇಳಿದಳು. ಅವರು ನಗಲಿಲ್ಲ.

"ಯಾರವ್ವಾ ನಿಂಗೆ ಕಲಿಸಿದ್ದು?"

"ಯಾರೂ ಇಲ್ಲ ಸಾರ್. ನಮ್ಮಜ್ಜಿ ಮಾತಲ್ಲೇ ಇದೆ."

ಅವರು ನಂಬಲಿಲ್ಲ. ನಾನು ಎದ್ದು ನಿಂತೆ. "ನಾನೇ ಸಾರ್ ಕಲಿಸಿದ್ದು."

ಅವಳನ್ನು ಉಳಿಸಲೆಂದೇ ಎದ್ದೆ ಎಂದು ಬಹಳ ವರ್ಷ ನಂಬಿದ್ದೆ. ಜಾಣೆ ಎನ್ನಿಸಿಕೊಳ್ಳುವ ಆಸೆಯೂ ಇತ್ತು. ಪರೀಕ್ಷಕರು ಅವಳ ಹೆಸರಿನ ಮುಂದೆ 'ಕಲಿತದ್ದು' ಎಂದು ಬರೆದರು. ಹುಟ್ಟಿನಿಂದ ಬಂದ ನಾಲಿಗೆಗೆ ಮಾತ್ರ ಬೆಲೆ, ಕಲಿತದ್ದು ಮೋಸ ಎಂಬ ನಿಯಮ ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲವೇ? ಪರೀಕ್ಷೆಗೆ ಮೊದಲೇ ಊಟದ ಹೊತ್ತಿನಲ್ಲಿ ಅಮ್ಮ ಅದನ್ನು ಓದಿ ಹೇಳಿದ ನೆನಪೂ ಇದೆ. ಒಲಗಿನವಲು ಎಂದವಳು ಕಲಿಸಿದ್ದು ಹೇಗೆಂದು ಯಾರೂ ಕೇಳಲಿಲ್ಲ. ಮಿಸ್ ಕೂಡ.

ನಿಮ್ಮಲ್ಲಿ ಕೇಳುವುದಿಷ್ಟೆ. ಇಂಥ ಪರೀಕ್ಷೆ ನಿಮ್ಮ ಶಾಲೆಗೆ ಬಂದರೆ, ಯಾರು ಯಾರಿಗೆ ಕಲಿಸಿದರೆಂದು ಇದ್ದದ್ದನ್ನು ಇದ್ದಂತೆಯೇ ಹೇಳಿ. ಚಂದ ಮಾಡಿ ಹೇಳಬೇಡಿ.

ತೆಪ್ಪದೂರಿಗೆ ಹೊರಡುವ ದಿನ ರಿಫ್ಗಾ ಬ್ಯಾಗು ಏರಿಸಿಕೊಂಡು, "ಬರ್ತೀನಿ ಕಣೇ," ಎಂದಳು. ಹೋಗ್ತೀನಿ ಎನ್ನಬಾರದು ಎಂಬುದೊಂದನ್ನು ಮಾತ್ರ ಅವಳಿಗೆ ನಿಜವಾಗಿ ನಾನು ಕಲಿಸಿದ್ದೆ. ಮೂವತ್ತೈದು ವರ್ಷವಾಯಿತು.

ಬರುತ್ತೇನೆ.

ಮೃಣಾಳಿನಿ